ಮಗುವಿನ ಕೈಕಾಲು ನೋವಿಗೆ ಯಾರ ಬಳಿ ಹೋಗಬೇಕು?

ಪಂಚಮಿ ಬಂತೆಂದರೆ ನಮ್ಮ ಕಡೆ ಬೇವಿನ ಮರಗಳಿಗೆ ಹಗ್ಗ ಬೀಳುತ್ತದೆ. ಜೋಕಾಲಿ ಜೀಕುವ ಮಕ್ಕಳಲ್ಲಿ ಒಬ್ಬಿಬ್ಬರು ಕೈ ಊರಿ ಬೀಳುವುದೂ ಇದ್ದದ್ದೇ. ಬಿದ್ದ ಮಗುವಿನ ಅಳು ನಿಲ್ಲುವ ಮೊದಲೇ ಅಂಗಳದಲ್ಲಿ ಸಲಹೆಗಳು ಸೇರುತ್ತವೆ. ಎಣ್ಣೆ ಕಾಯಿಸಿ ತಿಕ್ಕಬೇಕು ಎನ್ನುತ್ತಾಳೆ ಅಜ್ಜಿ. ಕಾಕಾನಿಗೆ ಪಕ್ಕದ ಊರಿನಲ್ಲಿ ಎಲುಬು ಕಟ್ಟುವವರ ಮೇಲೆ ನಂಬಿಕೆ. ತಾಲ್ಲೂಕು ಆಸ್ಪತ್ರೆಗೆ ಹೋಗೋಣ ಎಂಬುದು ತಾಯಿಯ ಮಾತು. ಹಬ್ಬಕ್ಕೆ ಬಂದ ಸೋದರಮಾವ, ಅದೆಲ್ಲ ಬೇಡ, ಸೀದಾ ಮಿರಜಕ್ಕೋ ಸೊಲ್ಲಾಪುರಕ್ಕೋ ಒಯ್ಯಿರಿ ಎನ್ನುತ್ತಾನೆ. ಎಲ್ಲರದೂ ಮಗುವಿನ ಮೇಲಿನ ಕಾಳಜಿಯೇ. ಆದರೆ ಆ ಗಳಿಗೆಯಲ್ಲಿ ಯಾರ ಮಾತು ಹಿಡಿಯಬೇಕು ಎಂಬುದು ತಂದೆ-ತಾಯಿಗೆ ತಿಳಿಯುವುದಿಲ್ಲ.

ವಿಜಯಪುರದಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಬಳಿಗೆ ಈ ಪ್ರಶ್ನೆ ಬರುವುದು ಸಾಮಾನ್ಯವಾಗಿ ತಡವಾಗಿ, ಮೊಣಕೈ ಮಡಚಲು ಬಾರದ ಸ್ಥಿತಿಯಲ್ಲಿ. ಅದಕ್ಕೇ ಮೊದಲೇ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕುಟುಂಬಗಳಿಗೆ ನಿಜವಾಗಿ ಕೈಗೆಟಕುವ ದಾರಿಗಳನ್ನಷ್ಟೇ ತೂಗಿ ನೋಡೋಣ.

ತೂಗುವ ಮೊದಲು

ಮೊದಲ ಅಳತೆ ಗಡಿಯಾರ. ಕೆಲವು ಪೆಟ್ಟುಗಳು ಎರಡು ದಿನ ಕಾಯುತ್ತವೆ, ಕೆಲವು ಆರು ತಾಸೂ ಕಾಯುವುದಿಲ್ಲ. ಎರಡನೆಯದು, ಎಕ್ಸ್-ರೇ ಮತ್ತು ಅರಿವಳಿಕೆ ಒಂದೇ ಕಡೆ ಸಿಗುತ್ತವೆಯೇ ಎಂಬುದು. ದೊಡ್ಡವರಾದರೆ ಹಲ್ಲು ಕಚ್ಚಿ ಸಹಿಸಿಕೊಳ್ಳಬಹುದು. ಜರುಗಿದ ಎಲುಬನ್ನು ಎಚ್ಚರವಿರುವ ಐದು ವರ್ಷದ ಮಗುವಿನಲ್ಲಿ ಕೂಡಿಸಲು ಹೋಗುವುದು ಕ್ರೌರ್ಯ, ಅದು ಸರಿಯಾಗಿ ಕೂಡುವುದೂ ಇಲ್ಲ.

ಮೂರನೆಯದು, ಎಲುಬು ಇನ್ನೂ ಬೆಳೆಯುತ್ತಿದೆ ಎಂಬ ಸಂಗತಿ. ಮಕ್ಕಳ ಉದ್ದ ಎಲುಬುಗಳ ತುದಿಯ ಬಳಿ ಮೆದ್ದೆಲುಬಿನ ಒಂದು ಪದರ ಇರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದ. ಹುಡುಗಿಯರಲ್ಲಿ ಸುಮಾರು 14 ವರ್ಷಕ್ಕೆ, ಹುಡುಗರಲ್ಲಿ ಸುಮಾರು 16ಕ್ಕೆ ಅದು ಮುಚ್ಚಿಕೊಳ್ಳುತ್ತದೆ. ಅಲ್ಲಿ ಪೆಟ್ಟು ಬಿದ್ದು ಸರಿಯಾಗಿ ಕೂಡದಿದ್ದರೆ ಇಂದು ಕಾಣದ ಡೊಂಕು ನಾಲ್ಕು ವರ್ಷದ ನಂತರ ಕಾಣುತ್ತದೆ. ಇದೇ ಬೆಳವಣಿಗೆಯಿಂದ ಒಂದು ಅನುಕೂಲವೂ ಇದೆ. ಹತ್ತು ವರ್ಷದೊಳಗಿನ ಮಗುವಿನ ಎಲುಬು ಸ್ವಲ್ಪ ಬಾಗಿ ಕೂಡಿದರೂ ಬೆಳೆಯುತ್ತ ನೇರವಾಗುತ್ತದೆ. ತಿರುಚಿ ಕೂಡಿದ್ದು ಮಾತ್ರ ತಾನಾಗಿ ಸರಿಹೋಗುವುದಿಲ್ಲ.

ಖರ್ಚು ನಾಲ್ಕನೆಯದು. ಆಸ್ಪತ್ರೆಯ ಬಿಲ್ಲಿನ ಜೊತೆಗೆ ಬಸ್ ಚಾರ್ಜು, ಹೋದ ದಿನದ ಕೂಲಿ, ಮನೆಯಲ್ಲಿ ಉಳಿದ ಇನ್ನೊಂದು ಮಗುವನ್ನು ನೋಡಿಕೊಳ್ಳುವವರು, ಇವೆಲ್ಲ ಸೇರಿದ್ದೇ ನಿಜವಾದ ಖರ್ಚು. ಕೊನೆಯದು, ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುವ ಅಳತೆ: ಅಲ್ಲಿಗೆ ಮತ್ತೆ ಮತ್ತೆ ಹೋಗಲು ನಿಮಗೆ ಸಾಧ್ಯವೇ? ಮಕ್ಕಳ ಎಲುಬಿನ ಚಿಕಿತ್ಸೆ ಒಂದೇ ಭೇಟಿಯಲ್ಲಿ ಮುಗಿಯುವುದು ಕಡಿಮೆ. ಹೆಸರಾಂತ ವೈದ್ಯರ ಬಳಿ ಒಮ್ಮೆ ಹೋಗಿ ಬಿಟ್ಟುಬಿಡುವುದಕ್ಕಿಂತ, ಸಾಧಾರಣ ವೈದ್ಯರ ಬಳಿ ಕರೆದ ದಿನವೆಲ್ಲ ಹೋಗುವುದು ಮಗುವಿಗೆ ಒಳ್ಳೆಯದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವ ಮೊದಲು ಪೆಟ್ಟಾದ ಕೈಯ ಬೆರಳುಗಳನ್ನು ನೋಡಿ. ಮಗುವಿನ ಒಂದು ಉಗುರನ್ನು ನಿಮ್ಮ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಉಗುರು ಬಿಳುಪಾಗುತ್ತದೆ. ಬಿಟ್ಟಾಗ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಇನ್ನೊಂದು ಕೈಯ ಉಗುರಿನ ಜೊತೆ ಹೋಲಿಸಿ. ಬೆರಳುಗಳು ತಣ್ಣಗಿವೆಯೇ, ನೀಲಿಯಾಗಿವೆಯೇ ಮುಟ್ಟಿ ನೋಡಿ.

ಆಮೇಲೆ ನರಗಳ ಪರೀಕ್ಷೆ. ಮಗುವಿಗೆ ಆಟದಂತೆ ಹೇಳಿ: ಮುಷ್ಟಿ ಕಟ್ಟು, ಐದೂ ಬೆರಳು ಅಗಲಿಸು, ಹೆಬ್ಬೆರಳು ಮೇಲೆತ್ತು, ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಕೂಡಿಸಿ ದುಂಡು ಮಾಡು. ನೋವಿದ್ದರೂ ಬೆರಳುಗಳು ಇಷ್ಟು ಕೆಲಸ ಮಾಡಿದರೆ ಸ್ವಲ್ಪ ನಿರಾಳ. ಇದರಲ್ಲಿ ಯಾವುದೊಂದು ಆಗದಿದ್ದರೂ, ಉಗುರಿಗೆ ಬಣ್ಣ ಮರಳದಿದ್ದರೂ, ಗಾಯದಲ್ಲಿ ಎಲುಬು ಕಂಡರೂ ಬೇರೆ ಲೆಕ್ಕವೇ ಬೇಡ. 108ಕ್ಕೆ ಕರೆ ಮಾಡಿ, ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ ಹೊರಡಿ.

ಡೊಂಕಾಗಿ ಕಾಣುವ ಕೈಯನ್ನು ನೇರ ಮಾಡಲು ಹೋಗಬೇಡಿ. ಇದ್ದ ಸ್ಥಿತಿಯಲ್ಲೇ ಮಡಚಿದ ದಿನಪತ್ರಿಕೆಯನ್ನು ಆಸರೆಯಾಗಿಟ್ಟು, ಓಢಣಿಯಲ್ಲಿ ಸಡಿಲಾಗಿ ಕೊರಳಿಗೆ ತೂಗುಹಾಕಿ. ದಾರಿಯಲ್ಲಿ ಚಹಾ, ಬಿಸ್ಕತ್ತು, ಚುರಮುರಿ ಏನನ್ನೂ ಕೊಡಬೇಡಿ. ಅರಿವಳಿಕೆ ಕೊಡಲು ಹೊಟ್ಟೆ ಖಾಲಿ ಇರಬೇಕು. ಅಕ್ಕರೆಯಿಂದ ಕುಡಿಸಿದ ಒಂದು ಲೋಟ ಹಾಲಿನಿಂದ ಎಲುಬು ಕೂಡಿಸುವ ಕೆಲಸ ಹಲವು ತಾಸು ಮುಂದಕ್ಕೆ ಹೋಗಬಹುದು.

ಮನೆಯಲ್ಲೇ ಕಾದು ನೋಡುವುದು

ಕಾಯುವುದೂ ಒಂದು ಆಯ್ಕೆಯೇ. ಊತ ಕಡಿಮೆಯಿದ್ದು, ಎಲುಬಿನ ಮೇಲೆ ಒಂದೇ ಜಾಗದಲ್ಲಿ ಒತ್ತಿದಾಗ ಮಗು ಚೀರದಿದ್ದರೆ, ತಾಸೆರಡು ತಾಸಿನಲ್ಲಿ ಕೈಯನ್ನು ತಾನಾಗಿ ಬಳಸಲು ಶುರುಮಾಡಿದರೆ ಒಂದು ದಿನ ಕಾಯಬಹುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಡಿ, ಕೈಯನ್ನು ದಿಂಬಿನ ಮೇಲೆ ಎತ್ತರದಲ್ಲಿಡಿ.

ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮಗುವಿನ ತೂಕದ ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ ಒಂದು ಸಲದ ಪ್ರಮಾಣ, ಆರು ತಾಸಿಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. 15 ಕಿಲೋ ತೂಗುವ ಮಗುವಿಗೆ 150ರಿಂದ 225 ಮಿಲಿಗ್ರಾಂ ಆಯಿತು. ಸಿರಪ್ಪಿನ ಬಾಟಲಿಯನ್ನು ಓದಿ ಕೊಡಿ. 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಅಂದಾಜಿನ ಮೇಲೆ ಚಮಚ ತುಂಬಿದರೆ ಪ್ರಮಾಣ ಇಮ್ಮಡಿಯಾಗುತ್ತದೆ. ಔಷಧ ಅಂಗಡಿಯಲ್ಲಿ ನಿಮೆಸುಲೈಡ್ ಕೊಟ್ಟರೆ ಬೇಡವೆನ್ನಿ. 12 ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡುವುದನ್ನು ಭಾರತದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ. ಆಸ್ಪಿರಿನ್ ಕೂಡ ಮಕ್ಕಳಿಗಲ್ಲ.

ಮರುದಿನವೂ ಮಗು ಆ ಕೈಯನ್ನು ಬಳಸದಿದ್ದರೆ, ಕಾಲೂರಿ ನಾಲ್ಕು ಹೆಜ್ಜೆ ಇಡದಿದ್ದರೆ ಕಾಯುವುದು ಮುಗಿಯಿತು.

ಎಣ್ಣೆ, ತಿಕ್ಕುವುದು, ಎಲುಬು ಕಟ್ಟುವವರು

ಈ ವಿಷಯದಲ್ಲಿ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ನಮ್ಮ ಮೂರೂ ಜಿಲ್ಲೆಗಳಲ್ಲಿ ಬಹಳ ಮನೆಗಳ ಮೊದಲ ಆಯ್ಕೆ ಇದೇ. ಕಟ್ಟು ಕಟ್ಟುವವರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಹತ್ತಿರ ಇದ್ದಾರೆ, ಕಡಿಮೆ ಖರ್ಚು, ಮನೆಯ ಮಾತಿನಲ್ಲಿ ಧೈರ್ಯ ಹೇಳುತ್ತಾರೆ, ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಜನ ಅಲ್ಲಿಗೆ ಹೋಗಲು ಕಾರಣಗಳಿವೆ.

ಅವರ ಕೈಗುಣದ ಹೆಸರು ಎಲ್ಲಿಂದ ಬಂತು ಎಂಬುದನ್ನೂ ತಿಳಿಯಬೇಕು. ಒಂದರಿಂದ ನಾಲ್ಕು ವರ್ಷದ ಮಕ್ಕಳನ್ನು ಕೈ ಹಿಡಿದು ಎತ್ತಿದಾಗ, ಬಸ್ ಹತ್ತಿಸುವಾಗ ಜಗ್ಗಿದಾಗ, ಮೊಣಕೈಯ ಚಿಕ್ಕ ಎಲುಬಿನ ತಲೆ ಅದನ್ನು ಸುತ್ತಿದ ಪಟ್ಟಿಯಿಂದ ಜಾರುತ್ತದೆ. ಊತವಿಲ್ಲ, ಬಿದ್ದದ್ದೂ ಇಲ್ಲ, ಆದರೆ ಮಗು ಅಂಗೈ ಕೆಳಗೆ ಮಾಡಿ ಕೈ ಜೋತು ಬಿಡುತ್ತದೆ. ಇದನ್ನು ತಿಳಿದವರು ಒಂದು ಸಲ ತಿರುಗಿಸಿ ಮಡಚಿದರೆ ಟಕ್ಕೆಂದು ಕೂಡುತ್ತದೆ, ಹದಿನೈದು ನಿಮಿಷದಲ್ಲಿ ಮಗು ಆಡತೊಡಗುತ್ತದೆ. ನೋಡಿದವರಿಗೆ ಪವಾಡವೇ. ಅದೇ ರೀತಿ ಮಕ್ಕಳ ಎಲುಬು ಎಷ್ಟೋ ಸಲ ಪೂರ್ತಿ ಮುರಿಯದೆ ಹಸಿ ಕೊಂಬೆಯಂತೆ ಒಂದು ಬದಿ ಸೀಳಿ ಬಾಗುತ್ತದೆ, ಇಲ್ಲವೇ ಮಣಿಕಟ್ಟಿನ ಬಳಿ ಸ್ವಲ್ಪ ಕುಸಿಯುತ್ತದೆ. ಹೀಗೆ ಕುಸಿದ ಎಲುಬು ಮೂರು ವಾರ ಅಲುಗದಂತಿದ್ದರೆ ಸಾಕು, ಯಾರು ಕಟ್ಟಿದರೂ ಕೂಡುತ್ತದೆ.

ತೊಂದರೆ ಇರುವುದು ಉಳಿದವುಗಳಲ್ಲಿ. ಕೈ ಊರಿ ಬಿದ್ದಾಗ ಮೊಣಕೈಗಿಂತ ಸ್ವಲ್ಪ ಮೇಲೆ ಆಗುವ ಮುರಿತ ಐದರಿಂದ ಏಳು ವರ್ಷದ ಮಕ್ಕಳಲ್ಲಿ ಹೆಚ್ಚು. ಜೋಕಾಲಿಯಿಂದ ಬಿದ್ದವರಲ್ಲಿ ನಾವು ಕಾಣುವುದು ಇದನ್ನೇ. ಕೈಗೆ ರಕ್ತ ಒಯ್ಯುವ ಮುಖ್ಯ ನಾಳ ಮತ್ತು ನರಗಳು ಆ ಜಾಗಕ್ಕೆ ಅಂಟಿಕೊಂಡೇ ಹಾಯುತ್ತವೆ. ಪೆಟ್ಟಿನ ಊತ ಎರಡು ದಿನ ಏರುತ್ತ ಹೋಗುತ್ತದೆ. ಅದರ ಮೇಲೆ ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಸುತ್ತಿದರೆ ಊತಕ್ಕೆ ಹೊರಗೆ ದಾರಿಯಿಲ್ಲ, ಒಳಗಿನ ಒತ್ತಡ ರಕ್ತವನ್ನು ತಡೆಯುತ್ತದೆ. ಸ್ನಾಯು ಆರು ತಾಸಿನ ಆಸುಪಾಸಿನಲ್ಲೇ ಸಾಯಲು ಶುರುವಾಗುತ್ತದೆ. ಹೀಗೆ ಸತ್ತ ಸ್ನಾಯು ಗಟ್ಟಿಯಾಗಿ ಸೆಳೆದು ಬೆರಳುಗಳು ಶಾಶ್ವತವಾಗಿ ಮಡಚಿಕೊಳ್ಳುವುದನ್ನು ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲೇ ವಿವರಿಸಿದ್ದರು. ಬಿಗಿ ಕಟ್ಟಿನಿಂದ ಆಗುವ ಹಾನಿ ಎಂದು ಅಂದೇ ಅವರು ಗುರುತಿಸಿದ್ದರು. ಇಂದಿಗೂ ಅಂಥ ಕೈ ಕಣ್ಣಿಗೆ ಬೀಳುತ್ತದೆ ಎಂಬುದೇ ನನ್ನ ಸಂಕಟ. ಆ ಮಗು ಪೆನ್ನು ಹಿಡಿಯುವುದನ್ನು ಮತ್ತೆ ಕಲಿಯಬೇಕಾಗುತ್ತದೆ.

ಬಿಗಿ ಕಟ್ಟು ಆಸ್ಪತ್ರೆಯ ಪ್ಲಾಸ್ಟರಿನಲ್ಲೂ ಆಗಬಹುದು. ಹೀಗಾಗಿ ಯಾರೇ ಕಟ್ಟಿರಲಿ, ಕಟ್ಟಿದ ಮೇಲೆ ನೋವು ಇಳಿಯುವ ಬದಲು ಏರುತ್ತ ಹೋದರೆ, ನೀವು ಮೆಲ್ಲಗೆ ಬೆರಳು ನೇರ ಮಾಡಿದಾಗ ಮಗು ಕಿರುಚಿದರೆ, ಬೆಳಗಾಗಲಿ ಎಂದು ಕಾಯಬೇಡಿ. ಕಟ್ಟನ್ನು ಆಗಲೇ ಸಡಿಲಿಸಬೇಕು. ಆಸ್ಪತ್ರೆಗೂ ಕಟ್ಟು ಕಟ್ಟುವವರಿಗೂ ಇರುವ ನಿಜವಾದ ವ್ಯತ್ಯಾಸ ಇದು: ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೂ ಪ್ಲಾಸ್ಟರ್ ಸೀಳುವವರು ಇರುತ್ತಾರೆ.

ತಿಕ್ಕುವುದರ ಬಗ್ಗೆಯೂ ಒಂದು ಮಾತು. ಪೆಟ್ಟಾದ ಮೊಣಕೈಯನ್ನು ಬಲವಾಗಿ ತಿಕ್ಕಿ ಜಗ್ಗಿದರೆ, ಸುತ್ತಲಿನ ಸ್ನಾಯುವಿನೊಳಗೇ ಎಲುಬು ಬೆಳೆಯುವ ಅಪಾಯವಿದೆ. ಆಮೇಲೆ ಆ ಕೀಲು ಅಲುಗುವುದೇ ಇಲ್ಲ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು ಬೇರೆ ಮಾತು, ಅದಕ್ಕೆ ನನ್ನ ಅಭ್ಯಂತರವಿಲ್ಲ. ಪೆಟ್ಟಾದ ಕೀಲಿಗೆ ಮಾತ್ರ ಬೇಡವೇ ಬೇಡ. ಅಜ್ಜಿಯ ಮನಸ್ಸಿಗೆ ನೋವಾಗದಂತೆ ಹೇಳಬೇಕೆಂದರೆ, ಎಕ್ಸ್-ರೇ ಆದ ಮೇಲೆ ನೋಡೋಣ ಅಜ್ಜಿ ಎನ್ನಿ. ನಮ್ಮ ಹಿರಿಯರು ಆ ಮಾತನ್ನು ಒಪ್ಪುತ್ತಾರೆ.

ತಾಲ್ಲೂಕು ಆಸ್ಪತ್ರೆ

ಇಂಡಿಯಲ್ಲಿರಲಿ, ಜಮಖಂಡಿಯಲ್ಲಿರಲಿ, ಗೋಕಾಕದಲ್ಲಿರಲಿ, ತಾಲ್ಲೂಕು ಆಸ್ಪತ್ರೆಯ ದೊಡ್ಡ ಗುಣ ಎಕ್ಸ್-ರೇ ಮತ್ತು ಕಡಿಮೆ ಖರ್ಚು. ಇದರ ದುರ್ಬಲ ಭಾಗ, ಎಲುಬು ತಜ್ಞರು ನೀವು ಹೋದ ಹೊತ್ತಿನಲ್ಲಿ ಇದ್ದೇ ಇರುತ್ತಾರೆ ಎಂಬ ಖಾತ್ರಿ ಇಲ್ಲದಿರುವುದು. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿದರೆ ಈ ಮಾಹಿತಿ ಸಿಗುತ್ತದೆ.

ಎಲುಬು ಜರುಗದ ಮುರಿತ, ಉಳುಕು, ಜಗ್ಗಿದ ಕೈ, ಇವಕ್ಕೆಲ್ಲ ಇದೇ ಸರಿಯಾದ ಜಾಗ. ಜರುಗಿದ ಮುರಿತವಾದರೂ ಇಲ್ಲಿ ಆಸರೆ ಕಟ್ಟಿಸಿಕೊಂಡು, ಎಕ್ಸ್-ರೇ ಹಿಡಿದುಕೊಂಡು, ಚೀಟಿ ಬರೆಸಿಕೊಂಡು ಮುಂದಕ್ಕೆ ಹೋದರೆ ಸಮಯ ಉಳಿಯುತ್ತದೆ. ಆ ಚೀಟಿಗೆ ಇನ್ನೊಂದು ಬೆಲೆಯಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಆರೋಗ್ಯ ಯೋಜನೆಯಡಿ ತುರ್ತಲ್ಲದ ದೊಡ್ಡ ಚಿಕಿತ್ಸೆಯನ್ನು ಖಾಸಗಿ ಆಸ್ಪತ್ರೆಯಲ್ಲಿ ಪಡೆಯಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕಾಗುತ್ತದೆ.

ಪೇಟೆಯ ಖಾಸಗಿ ಎಲುಬು ತಜ್ಞರು

ಕೂಲಿ ಕಳೆದುಕೊಳ್ಳಲಾರದ ಮನೆಗೆ ಇದು ಕೆಲವೊಮ್ಮೆ ಅಗ್ಗವೇ ಆಗುತ್ತದೆ ಎಂಬುದು ನನ್ನ ಅಭಿಪ್ರಾಯ. ಸಂಜೆ ಹೊತ್ತು ಸಿಗುತ್ತಾರೆ, ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ, ಪ್ರತಿ ಸಲವೂ ಅದೇ ವೈದ್ಯರು ನೋಡುತ್ತಾರೆ. ಪ್ಲಾಸ್ಟರಿನಲ್ಲೇ ಮುಗಿಯುವ ಕೆಲಸಕ್ಕೆ ಇದು ಒಳ್ಳೆಯ ಆಯ್ಕೆ.

ಆದರೆ ಕೇಳಲೇಬೇಕಾದ ಪ್ರಶ್ನೆಗಳಿವೆ. ಮಗುವಿಗೆ ಅರಿವಳಿಕೆ ಕೊಡುವ ವೈದ್ಯರು ಇಲ್ಲಿಗೆ ಬರುತ್ತಾರೆಯೇ? ಆಪರೇಷನ್ ಮಾಡುವಾಗ ಎಲುಬನ್ನು ಪರದೆಯ ಮೇಲೆ ನೋಡುವ ಸಿ-ಆರ್ಮ್ ಯಂತ್ರ ಇದೆಯೇ? ರಾತ್ರಿ ನೋವು ಹೆಚ್ಚಾದರೆ ಯಾರು ಸಿಗುತ್ತಾರೆ? ಆಪರೇಷನ್ ಬೇಕು ಎಂದಾಗ, ಪ್ಲಾಸ್ಟರಿನಲ್ಲಿ ಆಗುವುದಿಲ್ಲವೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಚಿಕ್ಕ ಮಕ್ಕಳ ಮುಂಗೈ ಮುರಿತಗಳಲ್ಲಿ ಬಹುಪಾಲು ಆಪರೇಷನ್ ಇಲ್ಲದೆ ಕೂಡುತ್ತವೆ. ಇದಕ್ಕೆ ವಿರುದ್ಧವಾದ ತಪ್ಪನ್ನೂ ಹೇಳಬೇಕು. ಮೊಣಕೈಯ ಹೊರಬದಿಯ ತುಣುಕು ಒಡೆದಿದ್ದರೆ ಎಕ್ಸ್-ರೇಯಲ್ಲಿ ಸಣ್ಣದಾಗಿ ಕಾಣುತ್ತದೆ, ಮನೆಯವರು ಪ್ಲಾಸ್ಟರ್ ಸಾಕು ಎಂದು ಹಟ ಹಿಡಿಯುತ್ತಾರೆ. ಜರುಗಿದ ತುಣುಕಿಗೆ ತಂತಿ ಹಾಕದಿದ್ದರೆ ಅದು ಕೂಡುವುದೇ ಇಲ್ಲ. ಕೈ ಹೊರಕ್ಕೆ ವಾಲುತ್ತದೆ, ವರ್ಷಗಳ ನಂತರ ಕಿರುಬೆರಳು ಜೋಮು ಹಿಡಿಯುತ್ತದೆ. ಇಂಥ ಕಡೆ ಆಪರೇಷನ್ ಬೇಡ ಎನ್ನುವುದು ಉಳಿತಾಯವಲ್ಲ.

ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು

ಈ ವಿಷಯದಲ್ಲಿ ನಮ್ಮ ಮೂರೂ ಜಿಲ್ಲೆಗಳು ಅದೃಷ್ಟವಂತ. ಬೆಳಗಾವಿಯಲ್ಲಿ ಸರ್ಕಾರದ ಬಿಮ್ಸ್‌ಗೆ ಸೇರಿದ ಜಿಲ್ಲಾಸ್ಪತ್ರೆಯೂ ಕೆಎಲ್‌ಇಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯೂ ಇವೆ. ವಿಜಯಪುರದಲ್ಲಿ ಜಿಲ್ಲಾಸ್ಪತ್ರೆಯ ಜೊತೆಗೆ ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಮತ್ತು ಅಲ್-ಅಮೀನ್ ಕಾಲೇಜುಗಳ ಆಸ್ಪತ್ರೆಗಳಿವೆ. ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿಗೆ ಸೇರಿದ ಕುಮಾರೇಶ್ವರ ಆಸ್ಪತ್ರೆಯಿದೆ.

ರಕ್ತನಾಳಕ್ಕೆ ಪೆಟ್ಟಾದ ಮುರಿತ, ತೊಡೆಯ ಎಲುಬು, ಜ್ವರದ ಜೊತೆ ಊದಿದ ಕೀಲು, ಇವಕ್ಕೆ ಇಂಥ ದೊಡ್ಡ ಆಸ್ಪತ್ರೆಯೇ ಬೇಕು. ಮಕ್ಕಳ ವೈದ್ಯರು, ಎಲುಬಿನವರು, ಅರಿವಳಿಕೆಯವರು, ರಕ್ತನಿಧಿ ಎಲ್ಲವೂ ಒಂದೇ ಆವರಣದಲ್ಲಿರುತ್ತವೆ. ಇದಕ್ಕೆ ಪ್ರತಿಯಾಗಿ ನೀವು ಕೊಡಬೇಕಾದದ್ದು ಸಮಯ. ಒಬ್ಬರು ನೋಡಿದ ಮೇಲೆ ಇನ್ನೊಬ್ಬರು ನೋಡುತ್ತಾರೆ, ಕಲಿಯುವ ವೈದ್ಯರು ಅದೇ ಪ್ರಶ್ನೆ ಮತ್ತೆ ಕೇಳುತ್ತಾರೆ. ಮಗುವಿನ ಜೊತೆ ಇಬ್ಬರು ಹೋಗಿ, ಒಬ್ಬರು ಸಾಲಿಗೆ, ಒಬ್ಬರು ಮಗುವಿಗೆ.

ಅಥಣಿ, ಚಿಕ್ಕೋಡಿ ಕಡೆಯವರು ಮಿರಜ, ಸಾಂಗಲಿಗೆ ಹೋಗುವುದು ತಲೆಮಾರುಗಳಿಂದ ಬಂದ ರೂಢಿ. ಅಥಣಿಗೆ ಬೆಳಗಾವಿಗಿಂತ ಮಿರಜವೇ ಹತ್ತಿರ, ಅಲ್ಲಿಗೆ ಹೋಗುವುದರಲ್ಲಿ ತಪ್ಪಿಲ್ಲ. ಮಹಾರಾಷ್ಟ್ರದ ಆ ಆಸ್ಪತ್ರೆಯಲ್ಲಿ ನಿಮ್ಮ ಆಯುಷ್ಮಾನ್ ಕಾರ್ಡು ನಡೆಯುತ್ತದೆಯೇ ಎಂದು ಹೊರಡುವ ಮೊದಲು ಕೇಳಿಕೊಳ್ಳಿ. ಆದರೆ ಮುದ್ದೇಬಿಹಾಳದಿಂದ, ಬಾದಾಮಿಯಿಂದ ಹೆಸರು ಕೇಳಿ ದೂರದ ಊರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು, ತಂತಿ ತೆಗೆಸಲು ಹೋಗಲಾಗದೆ ಕುಳಿತ ಮನೆಗಳನ್ನು ನಾನು ಬಲ್ಲೆ. ಮೂರು ನಾಲ್ಕು ವಾರಕ್ಕೆ ತೆಗೆಯಬೇಕಾದ ತಂತಿ ಅದು.

ಬಿದ್ದಿಲ್ಲ, ಆದರೂ ನೋವು

ರಾತ್ರಿ ಎದ್ದು ಕಾಲು ನೋವೆಂದು ಅಳುವ ಮಕ್ಕಳ ತಾಯಂದಿರು ಬಹಳ ಗೊಂದಲದಲ್ಲಿರುತ್ತಾರೆ. ಮೂರರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಸಂಜೆ ಅಥವಾ ರಾತ್ರಿ, ಎರಡೂ ಕಾಲಿನ ಮೀನಖಂಡ, ತೊಡೆಗಳಲ್ಲಿ ಬಂದು ಬೆಳಗಾಗುವಷ್ಟರಲ್ಲಿ ಮಾಯವಾಗುವ, ಮರುದಿನದ ಓಟಕ್ಕೆ ಅಡ್ಡಿಯಾಗದ ನೋವಿಗೆ ಬೆಳವಣಿಗೆಯ ನೋವು ಎನ್ನುತ್ತಾರೆ. ಇದಕ್ಕೆ ಅಜ್ಜಿಯ ಎಣ್ಣೆ, ಬಿಸಿ ಬಟ್ಟೆಯ ಕಾವು, ಪಕ್ಕದಲ್ಲಿ ಕುಳಿತು ಕಾಲು ನೀವುವ ಕೈ ಸಾಕು. ರಕ್ತ ಪರೀಕ್ಷೆ, ಸ್ಕ್ಯಾನ್‌ಗಳ ಖರ್ಚು ಬೇಡ.

ನೋವು ಒಂದೇ ಕಾಲಿನಲ್ಲಿ, ಒಂದೇ ಜಾಗದಲ್ಲಿ ಇದ್ದರೆ, ಮಗು ಕುಂಟಿದರೆ, ಕೀಲು ಊದಿದರೆ, ಬೆಳಿಗ್ಗೆ ಎದ್ದಾಗ ಕೀಲು ಬಿಗಿಯಾಗಿದ್ದರೆ, ತೂಕ ಇಳಿದರೆ, ಮೈಬಣ್ಣ ಬಿಳಚಿದರೆ ಅದು ಬೆಳವಣಿಗೆಯ ನೋವಲ್ಲ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಎಲುಬಿನ ಕ್ಷಯ, ಕೀಲುವಾತ, ರಕ್ತದ ಕಾಯಿಲೆಗಳು ಕಾಲು ನೋವಿನ ರೂಪದಲ್ಲೇ ಶುರುವಾಗಬಹುದು. ಇಲ್ಲಿ ನೇರವಾಗಿ ಎಲುಬು ತಜ್ಞರ ಬಳಿ ಹೋಗುವುದಕ್ಕಿಂತ ಮಕ್ಕಳ ವೈದ್ಯರ ದಾರಿ ಹೆಚ್ಚು ಸೂಕ್ತ.

ಜ್ವರವಿದ್ದು ಮಗು ಕಾಲೂರಲು ಒಪ್ಪದಿದ್ದರೆ ಅಂದೇ ಆಸ್ಪತ್ರೆ. ಕೀಲಿನಲ್ಲಿ ಕೀವು ತುಂಬಿದ್ದರೆ ಕೆಲವೇ ದಿನಗಳಲ್ಲಿ ಮೆದ್ದೆಲುಬು ಹಾಳಾಗುತ್ತದೆ. ಜ್ವರದ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಬರುವುದರಿಂದ ನೋವು ಮುಚ್ಚುತ್ತದೆ, ಕೀವು ಹಾಗೆಯೇ ಉಳಿಯುತ್ತದೆ.

ಟಾನಿಕ್, ಬಿಸಿಲು, ಊಟ, ನೀರು

ಡೊಂಕು ಕಾಲಿಗೆ ಕ್ಯಾಲ್ಸಿಯಂ ಟಾನಿಕ್ ತರುವುದು ನಮ್ಮಲ್ಲಿ ರೂಢಿ. ಮೊದಲು ವಯಸ್ಸು ನೋಡಿ. ಎರಡು ವರ್ಷದವರೆಗೆ ಮಕ್ಕಳ ಕಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿರುವುದು, ಮೂರು ನಾಲ್ಕರಲ್ಲಿ ಮೊಣಕಾಲುಗಳು ಒಂದಕ್ಕೊಂದು ತಾಗುವುದು ಸಹಜ. ಏಳರ ಹೊತ್ತಿಗೆ ನೇರವಾಗುತ್ತವೆ. ಅಲ್ಲಿಯವರೆಗೆ ಖರ್ಚಿಲ್ಲದ ಒಂದು ಕೆಲಸ ಮಾಡಿ. ಆರು ತಿಂಗಳಿಗೊಮ್ಮೆ ಮಗುವನ್ನು ಗೋಡೆಗೆ ನಿಲ್ಲಿಸಿ ಅದೇ ಜಾಗದಿಂದ ಕಾಲುಗಳ ಫೋಟೋ ತೆಗೆದಿಡಿ. ವೈದ್ಯರಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಸಿಗದು.

ಎರಡು ವರ್ಷ ದಾಟಿದ ಮೇಲೂ ಬಾಗು ಹೆಚ್ಚುತ್ತಿದ್ದರೆ, ಒಂದೇ ಕಾಲು ಬಾಗಿದ್ದರೆ, ಮಣಿಕಟ್ಟು ದಪ್ಪವಾಗಿದ್ದರೆ, ನಡೆಯಲು ತಡವಾದರೆ ರಿಕೆಟ್ಸ್, ಅಂದರೆ ಎಲುಬು ಮೆದುವಾಗುವ ಕಾಯಿಲೆ, ಇದೆಯೇ ನೋಡಬೇಕು. ಮಣಿಕಟ್ಟಿನ ಎಕ್ಸ್-ರೇ ಮತ್ತು ಕೆಲವು ರಕ್ತ ಪರೀಕ್ಷೆಗಳಿಂದ ತಿಳಿಯುತ್ತದೆ. ಇಲ್ಲಿ ಟಾನಿಕ್ ಒಂದೇ ಸಾಲದು, ವಿಟಮಿನ್ ಡಿ ಬೇಕು. ಅದನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಬಾಯಿಯಿಂದ ಕೊಡಬೇಕು. ಬೇಗ ಗುಣವಾಗಲಿ ಎಂದು ಮೇಲಿಂದ ಮೇಲೆ ದೊಡ್ಡ ಪ್ರಮಾಣದ ಇಂಜೆಕ್ಷನ್ ಕೊಡಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ತೊಂದರೆ. ವರ್ಷವಿಡೀ ಬಿಸಿಲಿರುವ ನಮ್ಮ ನಾಡಿನಲ್ಲಿ ಈ ಕೊರತೆ ಹೇಗೆ ಎಂದು ಕೇಳುತ್ತಾರೆ. ಮನೆಯೊಳಗೇ ಬೆಳೆಯುವ ಕೂಸಿಗೆ ಬಿಸಿಲು ಎಲ್ಲಿಂದ ಬರಬೇಕು? ತಾಯಿಯ ಹಾಲಿನಲ್ಲಿ ವಿಟಮಿನ್ ಡಿ ಬಹಳ ಕಡಿಮೆ. ಆದ್ದರಿಂದಲೇ ಮೊದಲ ವರ್ಷ ದಿನಕ್ಕೆ 400 ಯೂನಿಟ್‌ನ ಹನಿ ಕೊಡಲು ಮಕ್ಕಳ ವೈದ್ಯರು ಹೇಳುತ್ತಾರೆ.

ಆರೋಗ್ಯವಾಗಿರುವ ಮಗುವಿಗೆ ಟಾನಿಕ್‌ಗಿಂತ ಊಟವೇ ಮೇಲು. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 550 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ನಮ್ಮ ಜೋಳದಲ್ಲಿ 100 ಗ್ರಾಂಗೆ 30 ಮಿಲಿಗ್ರಾಂ ಆಸುಪಾಸು, ರಾಗಿಯಲ್ಲಿ 350ರ ಆಸುಪಾಸು. ಜೋಳದ ರೊಟ್ಟಿ ಬಿಡಬೇಕಾಗಿಲ್ಲ, ಜೊತೆಗೆ ಮೊಸರು, ಸೊಪ್ಪಿನ ಪಲ್ಯ, ವಾರಕ್ಕೆರಡು ಸಲ ರಾಗಿ ಅಂಬಲಿ ಸೇರಲಿ. ಸಂಕ್ರಾಂತಿಗೆ ಮಾಡುವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ಹಬ್ಬಕ್ಕಷ್ಟೇ ಮೀಸಲಿಡಬೇಡಿ. ಎಳ್ಳಿನಲ್ಲಿ ಕ್ಯಾಲ್ಸಿಯಂ ಬಹಳ ಹೆಚ್ಚು.

ನೀರನ್ನು ಮರೆಯಬಾರದು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಹಲ್ಲು, ಎಲುಬನ್ನು ಕೆಡಿಸುವಷ್ಟು ಫ್ಲೋರೈಡ್ ಇರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಕಂಡ ಊರಿನಲ್ಲಿ ನೀರಿನ ಪರೀಕ್ಷೆಯನ್ನು ಪಂಚಾಯಿತಿಗೆ ಕೇಳಿ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕೊಡಪಾನ ಟಾನಿಕ್ ಬಾಟಲಿಗಿಂತ ಅಗ್ಗ, ಕೆಲಸಕ್ಕೂ ಬರುತ್ತದೆ.

ನಿಮ್ಮ ಮನೆಗೆ ಯಾವುದು?

ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದ ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಕಬ್ಬು ಬೆಳೆಯುವ ಮನೆಗಳಲ್ಲಿ ಯಾರಾದರೂ ಸಹಕಾರ ಸಂಘದ ಸದಸ್ಯರಿದ್ದೇ ಇರುತ್ತಾರೆ. ಅವರು ಸಹಕಾರ ಸಂಘಗಳ ಸದಸ್ಯರಿಗಾಗಿ ಇರುವ ಯಶಸ್ವಿನಿ ಆರೋಗ್ಯ ಯೋಜನೆಯನ್ನೂ ನೋಡಬಹುದು. ನೋಂದಣಿ ಆ ವರ್ಷಕ್ಕೆ ಆಗಿರಬೇಕು, ಮಗು ಬಿದ್ದ ಮೇಲೆ ಮಾಡಿಸಲು ಬರುವುದಿಲ್ಲ.

ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಗೋವೆ, ಮಹಾರಾಷ್ಟ್ರಕ್ಕೆ ಗುಳೆ ಹೋಗುವ ಕುಟುಂಬಗಳಿಗೆ ನನ್ನ ಸಲಹೆ ಬೇರೆ. ಪ್ಲಾಸ್ಟರ್ ಬಿಚ್ಚುವ ದಿನ ನೀವು ಎಲ್ಲಿರುತ್ತೀರಿ ಎಂಬುದನ್ನು ವೈದ್ಯರಿಗೆ ಮೊದಲ ದಿನವೇ ಹೇಳಿ. ಎಕ್ಸ್-ರೇ ಮತ್ತು ಚೀಟಿಯ ಫೋಟೋ ಮೊಬೈಲಿನಲ್ಲಿರಲಿ, ಯಾವ ಊರಿನಲ್ಲಿದ್ದರೂ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮುಂದುವರಿಸಬಹುದು. ನಾಲ್ಕು ಸಾವಿರ ರೂಪಾಯಿ ಉಳಿಸಲು ಎಂಟು ದಿನದ ಕೂಲಿ ಕಳೆದುಕೊಳ್ಳುವ ಲೆಕ್ಕವೂ ಬೇಡ, ಸಾಲ ಮಾಡಿ ದೂರದ ಆಸ್ಪತ್ರೆ ಹಿಡಿಯುವ ಲೆಕ್ಕವೂ ಬೇಡ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಫಿಸಿಯೋಥೆರಪಿ ಬೇಕೇ ಎಂದು ನನ್ನನ್ನೇ ಕೇಳುತ್ತಾರೆ. ಬಹುಪಾಲು ಮಕ್ಕಳಿಗೆ ಬೇಕಿಲ್ಲ. ಆಡಲು ಬಿಟ್ಟರೆ ಕೆಲವು ವಾರಗಳಲ್ಲಿ ಕೈ ತಾನಾಗಿ ಸಡಿಲವಾಗುತ್ತದೆ. ನರಕ್ಕೆ ಪೆಟ್ಟಾಗಿದ್ದರೆ, ಎರಡು ತಿಂಗಳಾದರೂ ಮೊಣಕೈ ಮಡಚದಿದ್ದರೆ ಬನ್ನಿ. ಬಂದಾಗ ಮಗುವಿನ ಕೈಯನ್ನು ಜಗ್ಗುವವರು ಯಾರೇ ಆಗಿರಲಿ, ನನ್ನ ವೃತ್ತಿಯವರೇ ಆಗಿರಲಿ, ತಡೆಯಿರಿ.

ಎಳೆಗೂಸುಗಳ ಮಾತು ಉಳಿದಿದೆ. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿದ್ದರೆ ಹೆರಿಗೆಯಾದ ಮೊದಲ ವಾರಗಳಲ್ಲೇ ಪೊನ್ಸೆಟಿ ವಿಧಾನದ ಚಿಕಿತ್ಸೆ ಶುರುವಾಗಬೇಕು. ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್, ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ನರವೆಂದು ನಾವು ಕರೆಯುವ ಸ್ನಾಯುರಜ್ಜುವಿಗೆ ಒಂದು ಸಣ್ಣ ಕತ್ತರಿಕೆ, ಆಮೇಲೆ ಪಟ್ಟಿಗೆ ಜೋಡಿಸಿದ ಬೂಟು. ಮೊದಲ ಮೂರು ತಿಂಗಳು ದಿನಕ್ಕೆ 23 ತಾಸು, ನಂತರ ನಾಲ್ಕೈದು ವರ್ಷದವರೆಗೆ ಮಲಗುವಾಗ. ಇಲ್ಲಿ ಹತ್ತಿರದ ಆಸ್ಪತ್ರೆಯೇ ಗೆಲ್ಲುತ್ತದೆ. ಬೂಟು ಹಾಕುವುದನ್ನು ನಡುವೆ ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಿರುಗಿದ ಪಾದವೂ ಹುಟ್ಟಿನಿಂದ ಬರುವ ಸೊಂಟದ ಕೀಲಿನ ದೋಷವೂ ಸೇರಿವೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರುವ ಆ ತಂಡಕ್ಕೆ ತೋರಿಸಿದರೆ ಚಿಕಿತ್ಸೆ ಉಚಿತವಾಗಿ ಮುಂದುವರಿಯುತ್ತದೆ. ಸೊಂಟದ ಕೀಲಿಗಾಗಿ ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ: ಕೂಸಿನ ಕಾಲುಗಳನ್ನು ನೇರ ಜಗ್ಗಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಬೇಡಿ. ಕತ್ತು ನಿಂತ ಮೇಲೆ ನಮ್ಮ ಅವ್ವಂದಿರು ಮಾಡುವಂತೆ ಟೊಂಕದ ಮೇಲೆ ಕಾಲು ಅಗಲಿಸಿ ಕೂಡಿಸಿಕೊಳ್ಳಿ.